ದುರ್ಗದ ಕಡೆ ಸುಲಭದ ಕಾಡುನಡಿಗೆ, ಕೊನೆಗೊಂದು ಗುಡ್ಡದ ಕೆರೆ: ಎಲ್ಲಿಗೆ ಹೋಗೋದು?

ಬೆಣ್ಣೆನಗರಿ
ನವೆಂಬರ್‌ನಲ್ಲಿ ಒಂದು ಭಾನುವಾರ ಒಂಬತ್ತು ಜನ ಹೊರಡ್ತಿದೀವಿ. ಅದರಲ್ಲಿ ಇಬ್ಬರು ಮಕ್ಕಳು, 7 ಮತ್ತು 10 ವರ್ಷ. ಒಬ್ಬರಿಗೆ 64, ಮಂಡಿ ನೋವಿದೆ, ಸಮತಟ್ಟಾದ ಜಾಗದಲ್ಲಿ ಎರಡು ಮೂರು ಕಿಲೋಮೀಟರ್ ಆರಾಮಾಗಿ ನಡೀತಾರೆ. ಬೆಳಿಗ್ಗೆ ದಾವಣಗೆರೆ ಬಿಟ್ಟು ಕತ್ತಲಾಗೋದ್ರೊಳಗೆ ಮನೆ ಸೇರಬೇಕು. ಗಿಡಮರದ ನಡುವೆ ಒಂದಷ್ಟು ನಡೆದು, ಗುಡ್ಡದ ಮಡಿಲಲ್ಲಿರೋ ಸಣ್ಣ ಕೆರೆ ಹತ್ರ ಕೂತು ಬುತ್ತಿ ಬಿಚ್ಚಬೇಕು ಅನ್ನೋದು ಆಸೆ. ಚಂದ್ರವಳ್ಳಿ, ಜೋಗಿಮಟ್ಟಿ, ಕೊಂಡಜ್ಜಿ ಮೂರು ಹೆಸರು ತಲೇಲಿವೆ. ಗೊತ್ತಿರೋರು ಹೇಳಿ: ಯಾವುದು, ಎಷ್ಟೊತ್ತಿಗೆ, ಏನೇನು ಹೊತ್ಕೊಂಡು ಹೋಗ್ಬೇಕು, ಎಲ್ಲಿ ಎಡವಟ್ಟಾಗುತ್ತೆ?

ಬಂಡೆಗಾಡು
ಈ ಗುಂಪಿಗೆ ಚಂದ್ರವಳ್ಳಿನೇ, ಎರಡನೇ ಮಾತಿಲ್ಲ. ದುರ್ಗದ ಬಸ್‌ಸ್ಟ್ಯಾಂಡಿಂದ ಮೂರ್ನಾಲ್ಕು ಕಿಲೋಮೀಟರ್. ಚಿತ್ರದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ ಮೂರರ ನಡುವಿನ ಕಣಿವೆ, ಅದರೊಳಗೆ ಕೆರೆ. ಗಾಡಿ ನಿಲ್ಸಿದ ಜಾಗದಿಂದ ನೀರು ದೂರ ಇಲ್ಲ. ಹಂಗಾಗಿ ಮಂಡಿ ನೋವಿರೋರು ಏರಿ ಮೇಲೆ ನೆರಳಲ್ಲಿ ಕೂರಬಹುದು, ಉಳಿದೋರು ಗುಡ್ಡದ ಬುಡದ ಕಾಲುದಾರೀಲಿ ಎಷ್ಟು ಬೇಕೋ ಅಷ್ಟು ನಡೆದು ವಾಪಸ್ ಬರಬಹುದು. ಇಡೀ ಗುಂಪು ಒಂದೇ ದಾರಿ ಮುಗಿಸಲೇಬೇಕು ಅನ್ನೋ ಒತ್ತಡ ಇರಲ್ಲ. ಮಕ್ಕಳು, ವಯಸ್ಸಾದವರು ಕೂಡಿದ ಗುಂಪಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಗಾಳಿಗುಡ್ಡ
ಚಂದ್ರವಳ್ಳಿ ಚೆಂದ ಇದೆ, ಇಲ್ಲ ಅನ್ನಲ್ಲ. ಆದ್ರೆ ಅವರು ಕೇಳಿದ್ದು ಕಾಡುನಡಿಗೆ. ಕಾಡು ಅಂದ್ರೆ ಜೋಗಿಮಟ್ಟಿ. ಊರಿಂದ ಸುಮಾರು ಹತ್ತು ಕಿಲೋಮೀಟರ್. ಬಯಲುಸೀಮೆ ಮಧ್ಯೆ ಅಷ್ಟು ಹಸಿರು, ಅಷ್ಟು ತಂಪು ಗಾಳಿ ಬೇರೆ ಎಲ್ಲೂ ಸಿಗಲ್ಲ. ಹೊನ್ನೆ, ದಿಂಡಿಗ, ಕಮರ, ಕಕ್ಕೆ ಎಲ್ಲಾ ಕಣ್ಣೆದುರಿಗೇ ಇರ್ತಾವೆ. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗ್ತಿರ್ತಾವೆ.

ಕೆರೆಕಟ್ಟೆ
ಜೋಗಿಮಟ್ಟಿ ನೆತ್ತಿ ಮೇಲೆ ಕೆರೆ ಎಲ್ಲಿದೆ ಸ್ವಾಮಿ?

ಗಾಳಿಗುಡ್ಡ
ನೆತ್ತಿ ಮೇಲಿದೆ ಅಂತ ನಾನು ಹೇಳಿಲ್ಲ. ಆ ದಿಕ್ಕಿಗೇ ತಿಮ್ಮಣ್ಣನಾಯಕನ ಕೆರೆ ಇದೆಯಲ್ಲ. ದಾರೀಲಿ ಆಡುಮಲ್ಲೇಶ್ವರ ಸಿಗುತ್ತೆ, ಅಲ್ಲಿ ಚಿಕ್ಕ ಪ್ರಾಣಿಸಂಗ್ರಹಾಲಯ ಇದೆ, ಮಕ್ಕಳಿಗೆ ಅಷ್ಟು ಸಾಕು. ಮೂರನ್ನೂ ಸೇರಿಸಿದ್ರೆ ಒಂದು ದಿನ ತುಂಬುತ್ತೆ.

ಹೊನ್ನೆಮರ
ಜೋಗಿಮಟ್ಟಿ ಹೆಸರು ತೆಗೆದ ಮೇಲೆ ಇದನ್ನೂ ಹೇಳ್ಬೇಕು: ಅದು ಈಗ ವನ್ಯಜೀವಿಧಾಮ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗೋ ಹಾಗಿಲ್ಲ. ಚೆಕ್‌ಪೋಸ್ಟ್‌ಗೆ ಹೋಗಿ ಕೇಳೋಣ ಅಂತ ಭಾನುವಾರ ಒಂಬತ್ತು ಜನ ಗಾಡಿ ಹತ್ತೋದು ಬೇಡ. ವಾರದ ದಿನಾನೇ ಅರಣ್ಯ ಇಲಾಖೆಯ ಕಚೇರೀಲಿ ವಿಚಾರಿಸಿ. ಯಾವ ದಾರಿ ತೆರೆದಿದೆ, ಗಾಡಿ ಎಲ್ಲೀವರೆಗೆ ಬಿಡ್ತಾರೆ, ಎಷ್ಟೊತ್ತಿಗೆ ಹೊರಗೆ ಬಂದಿರಬೇಕು, ಮೂರೂ ಕೇಳ್ಕೊಳ್ಳಿ. ಬಿಟ್ಟ ದಾರಿ ಬಿಟ್ಟು ಪಕ್ಕಕ್ಕೆ ಇಳೀಬೇಡಿ. ಬೆಂಕಿ, ಪ್ಲಾಸ್ಟಿಕ್, ಧ್ವನಿವರ್ಧಕ ಮೂರನ್ನೂ ಮನೇಲೇ ಬಿಟ್ಟು ಬನ್ನಿ. ಡಿಸೆಂಬರ್ ದಾಟಿದ ಮೇಲೆ ಅಲ್ಲಿನ ಹುಲ್ಲು ಸೊಂಟದೆತ್ತರ ಒಣಗಿ ನಿಂತಿರುತ್ತೆ. ಒಂದು ಬೀಡಿ ತುಂಡು ಬಿದ್ರೂ ಗಾಳಿಗೆ ಇಡೀ ಇಳಿಜಾರು ಹತ್ತಿ ಉರಿಯುತ್ತೆ.

ಮಂಡಕ್ಕಿಪ್ರಿಯ
ದಾವಣಗೆರೆಯವರು ದುರ್ಗದವರೆಗೂ ಯಾಕೆ ಹೋಗ್ಬೇಕು? ಕೊಂಡಜ್ಜಿ ಹದಿನೈದು ಕಿಲೋಮೀಟರ್ ಒಳಗೇ ಇದೆ. ಕೆರೆ ಇದೆ, ಹಿಂದೆ ಗುಡ್ಡ ಇದೆ, ಮರ ಇದಾವೆ. ಸ್ಕೌಟ್ಸ್ ಮಕ್ಕಳ ಶಿಬಿರ ಅಲ್ಲೇ ನಡೆಯುತ್ತೆ ಅಂದ್ರೆ ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ ಅಂತಲೇ ಅರ್ಥ. ದುರ್ಗಕ್ಕೆ ಹೋಗಿ ಬರೋಕೆ 120 ಕಿಲೋಮೀಟರ್ ಗಾಡಿ ಓಡಿಸಬೇಕು. ಆ ಹೊತ್ತನ್ನ ಕೆರೆ ದಂಡೆ ಮೇಲೆ ಕಳೀಬಹುದು.

ಕೆರೆಕಟ್ಟೆ
ಕೊಂಡಜ್ಜಿ ಒಳ್ಳೆ ಕೆರೆ, ಆದ್ರೆ ಅದರ ಅಂಚು ನೋಡಿ ಕೂರಿ. ನೀರು ಇಳಿದ ಕಡೆ ಹೂಳು ಮೇಲೆ ಒಣಗಿ ಬಿರುಕು ಬಿಟ್ಟ ಹಾಗೆ ಕಾಣುತ್ತೆ, ಕಾಲಿಟ್ರೆ ಕೆಳಗೆ ಮೆತ್ತಗಿನ ಕೆಸರು. ಮಕ್ಕಳ ಕಾಲು ಮೊಣಕಾಲವರೆಗೂ ಹೂತು ಚಪ್ಪಲಿ ಒಳಗೇ ಉಳಿಯುತ್ತೆ. ಹಂಗಾದಾಗ ಕೈ ಹಿಡಿದು ಜಗ್ಗಬಾರದು. ಜಗ್ಗಿದಷ್ಟೂ ಪಾದದ ಕೆಳಗೆ ಗಾಳಿ ಹೋಗೋಕೆ ಜಾಗ ಇಲ್ಲದೆ ಕೆಸರು ಇನ್ನೂ ಬಿಗಿಯಾಗಿ ಹಿಡಿಯುತ್ತೆ. ಮಗು ಹಿಂದಕ್ಕೆ ಕೂರಲಿ, ಭಾರ ಸೊಂಟದ ಮೇಲೆ ಹೋಗಲಿ. ಪಾದವನ್ನ ಅತ್ತಿತ್ತ ಆಡಿಸ್ತಾ ಒಂದೊಂದಾಗಿ ನಿಧಾನಕ್ಕೆ ತೆಗೆಸಿ. ನೀರಿನ ಅಂಚಿಂದ ಹುಲ್ಲು ಶುರುವಾಗೋ ಗೆರೆವರೆಗೆ ಹೂಳು ಅಂತಲೇ ತಿಳ್ಕೊಳ್ಳಿ, ಬುತ್ತಿ ಬಿಚ್ಚೋದು ಹುಲ್ಲಿನ ಈಚೆ.

ಹಳೇಊರು
ಸೂಳೆಕೆರೆ ಯಾರೂ ಹೇಳ್ಲಿಲ್ವಲ್ಲ?

ಮಂಡಕ್ಕಿಪ್ರಿಯ
ಸಣ್ಣ ಕೆರೆ ಕೇಳಿದಾರೆ ಗುರುವೇ. ಸೂಳೆಕೆರೆ ಅಂದ್ರೆ ಶಾಂತಿಸಾಗರ, ಸಮುದ್ರದ ಹಂಗಿದೆ. ದುರ್ಗದ ನಲ್ಲಿಗೆ ನೀರು ಅಲ್ಲಿಂದಲೂ ಬರುತ್ತೆ.

ಹೆಜ್ಜೆಲೆಕ್ಕ
ಎಲ್ಲರೂ ಜಾಗದ ಬಗ್ಗೆ ಜಗಳ ಮಾಡ್ತಿದೀರಿ, ಹೊತ್ತಿನ ಲೆಕ್ಕ ಯಾರೂ ಹಾಕಿಲ್ಲ. ನಡೆದು ಅಭ್ಯಾಸ ಇರೋ ದೊಡ್ಡವರು ಗಂಟೆಗೆ 5 ಕಿಲೋಮೀಟರ್ ಹೋಗ್ತಾರೆ, 600 ಮೀಟರ್ ಎತ್ತರ ಹತ್ತೋದಕ್ಕೆ ಇನ್ನೊಂದು ಗಂಟೆ ಸೇರಿಸ್ಕೋಬೇಕು. ಇದು ಹಳೇ ಲೆಕ್ಕ, ಇವತ್ತಿಗೂ ನಡೆಯುತ್ತೆ. ಏಳು ವರ್ಷದ ಮಗು ಇದ್ರೆ ಗಂಟೆಗೆ 2 ರಿಂದ 2.5 ಕಿಲೋಮೀಟರ್ ಅಷ್ಟೇ ಹಿಡೀಬೇಕು. ಯಾಕಂದ್ರೆ ಮಗು ನಿಂತು ನಿಂತು ಬರುತ್ತೆ, ಗೆದ್ದಲ ಹುತ್ತ ಕಂಡ್ರೆ ಹತ್ತು ನಿಮಿಷ ಹೋಯ್ತು. ಮೂರು ಕಿಲೋಮೀಟರ್ ಹೋಗಿ ಮೂರು ಕಿಲೋಮೀಟರ್ ಬರೋದು ಅಂದ್ರೆ ನಡಿಗೆಗೇ ಎರಡೂವರೆಯಿಂದ ಮೂರು ಗಂಟೆ, ಊಟಕ್ಕೆ ಒಂದು ಗಂಟೆ.

ನವೆಂಬರ್‌ನಲ್ಲಿ ಸಂಜೆ ಆರಕ್ಕೆ ಮೊದಲೇ ಸೂರ್ಯ ಮುಳುಗ್ತಾನೆ. ಚಂದ್ರವಳ್ಳಿಯಂಥ ಕಣಿವೇಲಿ ಅದಕ್ಕಿಂತ ಮುಂಚೆನೇ ಗುಡ್ಡದ ನೆರಳು ಬಿದ್ದು ಮಂಕಾಗುತ್ತೆ. ಬಯಲಲ್ಲಿ ಇನ್ನೂ ಬಿಸಿಲು ಕಾಣ್ತಿರುತ್ತೆ, ಕಾಲಡಿ ಕಲ್ಲು ಮಾತ್ರ ಕಾಣಲ್ಲ. ಮೂರೂವರೆಗೆ ನೀರಿನ ಹತ್ರದಿಂದ ಎದ್ದಿರಬೇಕು. ಅಷ್ಟೊತ್ತಿಗೆ ಕೆರೆ ಮುಟ್ಟಿರದಿದ್ರೂ ಅಲ್ಲಿಂದಲೇ ತಿರುಗಬೇಕು. ಈ ಮಾತನ್ನ ಗಾಡಿ ಹತ್ತೋಕೆ ಮುಂಚೆನೇ ಒಂಬತ್ತೂ ಜನ ಒಪ್ಕೊಂಡಿರಲಿ. ದಾರೀಲಿ ನಿಂತು ಚರ್ಚೆ ಮಾಡಿದ್ರೆ ಇನ್ನೊಂಚೂರು ಮುಂದೆ ಹೋಗೋಣ ಅನ್ನೋರ ಮಾತೇ ನಡೆಯುತ್ತೆ.

ಬೆಣ್ಣೆನಗರಿ
ಹೊತ್ತಿನ ಲೆಕ್ಕ ಬಹಳ ಉಪಯೋಗ ಆಯ್ತು. ಕಾಲಿಗೆ ಏನು ಹಾಕ್ಕೋಬೇಕು? ಎಲ್ಲರ ಹತ್ರ ಬೆಳಿಗ್ಗೆ ವಾಕಿಂಗ್ ಹೋಗೋ ಶೂ ಇದಾವೆ, ಸಾಕಾ?

ಬಂಡೆಗಾಡು
ಅಡಿ ತಿರುಗಿಸಿ ನೋಡಿ. ಬೆರಳುಗುರಿನಲ್ಲಿ ಒತ್ತಿದ್ರೆ ರಬ್ಬರ್ ಒಂಚೂರು ತಗ್ಗಬೇಕು, ಹಲ್ಲುಗಳ ಆಳ ಮೂರು ನಾಲ್ಕು ಮಿಲಿಮೀಟರ್ ಆದ್ರೂ ಇರಬೇಕು. ಬಿಳಿ ಹಗುರ ಫೋಮ್ ಅಡಿಯ ಶೂ ಡಾಂಬರ್ ರಸ್ತೆಗೆ ಮಾಡಿದ್ದು, ಬಂಡೆ ಮೇಲೆ ಕೈ ಕೊಡುತ್ತೆ.

ದುರ್ಗದ ಬಂಡೆ ಗ್ರಾನೈಟು, ಸುಮಾರು 260 ಕೋಟಿ ವರ್ಷದ್ದು. ಒಣಗಿದ್ದಾಗ ಉಪ್ಪುಕಾಗದದ ಹಾಗೆ ಕಾಲನ್ನ ಗಟ್ಟಿಯಾಗಿ ಹಿಡಿಯುತ್ತೆ. ಜನ ಜಾರೋದು ಆ ಬಂಡೆ ಮೇಲಿರೋ ಪುಡಿಯಿಂದ. ಬಿಸಿಲು ಮಳೆಗೆ ಗ್ರಾನೈಟಿನ ಮೇಲ್ಪದರ ಕಾಳು ಕಾಳಾಗಿ ಬಿಡುತ್ತೆ. ಜೋಳದ ನುಚ್ಚಿನಷ್ಟು ದಪ್ಪದ ಆ ಕಾಳು ಇಳಿಜಾರಿನ ಮೇಲೆ ಹರಡಿ ಕೂತಿರುತ್ತೆ. ಅದರ ಮೇಲೆ ಕಾಲಿಟ್ರೆ ಶೂಗೂ ಬಂಡೆಗೂ ಮಧ್ಯೆ ಸಾವಿರ ಗೋಲಿ ಇಟ್ಟ ಹಾಗೆ. ಹತ್ತುವಾಗ ಭಾರ ಮುಂದಕ್ಕಿರುತ್ತೆ, ಗೊತ್ತಾಗಲ್ಲ. ಇಳಿಯುವಾಗ ಹಿಮ್ಮಡಿ ಊರಿದ ಕೂಡ್ಲೇ ಕಾಲು ಮುಂದಕ್ಕೆ ಹೋಗುತ್ತೆ, ಕೈ ಹಿಂದಕ್ಕೆ ಊರ್ತೀವಿ, ಮಣಿಕಟ್ಟು ಮುರಿಯೋದು ಹಿಂಗೇ. ಹಾಗಾಗಿ ಇಳಿಯುವಾಗ ಪುಡಿ ಇರೋ ಜಾಗ ತಪ್ಪಿಸಿ ಬರಿಬಂಡೆ ಮೇಲೆ ಪೂರ್ತಿ ಪಾದ ಇಡಿ. ಹೆಜ್ಜೆ ಸಣ್ಣದಿರಲಿ, ಮಂಡಿ ಒಂಚೂರು ಮಡಚಿರಲಿ. ತೀರ ಕಡಿದಾದ ಕಡೆ ಮಕ್ಕಳು ಕೂತು ಜಾರಿ ಇಳೀಲಿ, ಪ್ಯಾಂಟ್ ಹರಿದ್ರೆ ಹೊಲಿಸಬಹುದು.

ಇನ್ನೊಂದು ಗುರುತು ಹೇಳ್ತೀನಿ. ದೊಡ್ಡ ಬಂಡೆಗಳ ಮೈಮೇಲೆ ಮೇಲಿಂದ ಕೆಳಗೆ ಕಪ್ಪು ಪಟ್ಟೆ ಇಳಿದಿರುತ್ತೆ, ಯಾರೋ ಮಸಿ ಸುರಿದ ಹಾಗೆ. ಅದು ಮಳೆನೀರು ಹರಿಯೋ ದಾರೀಲಿ ಬೆಳೆದ ಪಾಚಿ. ಬೇಸಿಗೇಲಿ ಸತ್ತ ಹಾಗೆ ಒಣಗಿರುತ್ತೆ. ಒಂದು ಹನಿ ಮಳೆ ಬಿದ್ರೆ, ಬೆಳಗಿನ ಇಬ್ಬನಿ ತಗುಲಿದ್ರೂ ಸಾಕು, ಲೋಳೆಯಾಗುತ್ತೆ. ಕಪ್ಪು ಪಟ್ಟೆ ಮೇಲೆ ಯಾವತ್ತೂ ಕಾಲಿಡಬೇಡಿ, ದಾಟಲೇಬೇಕಾದ್ರೆ ಎರಡು ಪಟ್ಟೆ ನಡುವೆ ಬಿಳಿ ಬಂಡೆ ಹುಡುಕಿ.

ಗಾಳಿಗುಡ್ಡ
ಬಂಡೆಗಾಡು ಹೇಳಿದ್ದು ಕೋಟೆ ಕಡೆಗೆ ಸರಿ. ಜೋಗಿಮಟ್ಟಿ ಕಡೆ ಕಲ್ಲಿನ ಜಾತಿನೇ ಬೇರೆ, ಪದರ ಪದರವಾಗಿ ಒಡೆಯೋ ಕಲ್ಲು. ಅಲ್ಲಿ ಕಾಲಡಿ ಚಪ್ಪಟೆ ಚೂರುಗಳು ಸರಿದು ಪಾದ ಪಕ್ಕಕ್ಕೆ ಹೊರಳುತ್ತೆ, ಉಳುಕೋದು ಹರಡು. ಅದಕ್ಕೆ ಹರಡು ಮುಚ್ಚೋ ಶೂ ಮೇಲು. ಅದಿಲ್ಲದಿದ್ರೆ ಲೇಸನ್ನ ಕೊನೇ ತೂತಿನವರೆಗೂ ಕಟ್ಟಿ. ಕೈಯಲ್ಲೊಂದು ಕೋಲಿರಲಿ. 64 ವರ್ಷದವರಿಗೆ ಎರಡು ಕೋಲು ಕೊಡಿ. ಇಳಿಯುವಾಗ ಮಂಡಿ ಮೇಲೆ ಬೀಳೋ ಭಾರವನ್ನ ತೋಳು ಹಂಚ್ಕೊಳ್ಳುತ್ತೆ. ನಿಂತಾಗ ಮೊಣಕೈ ಲಂಬಕೋನಕ್ಕೆ ಬರೋ ಉದ್ದ ಇರಲಿ, ಇಳಿಯೋಕೆ ನಾಲ್ಕು ಬೆರಳು ಜಾಸ್ತಿ ಇರಲಿ.

ಬೆಣ್ಣೆನಗರಿ
ಮಕ್ಕಳಿಗೆ ನೀರಲ್ಲಿ ಆಡೋ ಆಸೆ. ಅಂಚಲ್ಲಿ ಸ್ವಲ್ಪ ಹೊತ್ತು ಬಿಡಬಹುದಾ?

ಈಜುಗಾರ ದುರ್ಗ
ದೊಡ್ಡವರು ಪಕ್ಕದಲ್ಲೇ ಇದ್ದು ಮೊಣಕಾಲು ಆಳದವರೆಗೆ ಆಡಿಸಿದ್ರೆ ಏನೂ ಆಗಲ್ಲ ಬಿಡಿ. ಮಕ್ಕಳಿಗೆ ನೀರಿನ ಭಯ ಹೋಗ್ಬೇಕು.

ಕೆರೆಕಟ್ಟೆ
ಈಜುಗಾರರೇ, ಇದನ್ನ ನಾನು ಒಪ್ಪಲ್ಲ. ಈಜುಕೊಳದಲ್ಲಿ ತಳ ಕಾಣುತ್ತೆ, ಆಳ ಬರೆದಿರುತ್ತೆ. ಕೆರೆ ಹೊಂಡದಲ್ಲಿ ಎರಡೂ ಇಲ್ಲ. ಹೂಳೆತ್ತಿದ ಕೆರೆ ಆದ್ರಂತೂ ಇನ್ನೂ ಅಪಾಯ. ಯಂತ್ರ ಗುದ್ದಿದ ಕಡೆ ಗುಂಡಿ ಬಿದ್ದಿರುತ್ತೆ, ಮೊಣಕಾಲು ನೀರಿನಿಂದ ಮುಂದಿನ ಹೆಜ್ಜೆ ತಲೆ ಮುಳುಗೋ ಆಳಕ್ಕೆ ಹೋಗುತ್ತೆ. ಮೇಲೆ ನೀರು ಒಂದೇ ಮಟ್ಟ ಇರೋದ್ರಿಂದ ಗುಂಡಿ ಇದೆ ಅಂತ ಕಾಣಲ್ಲ. ಬಂಡೆಯಂಚಿನ ಹೊಂಡದ್ದು ಬೇರೆ ಕಥೆ. ನೀರಿಗೆ ತಾಗಿದ ಒಂದು ಒಂದೂವರೆ ಅಡಿ ಬಂಡೆಗೆ ಪಾಚಿ ಹತ್ತಿರುತ್ತೆ. ಒಳಗೆ ಬಿದ್ದವರಿಗೆ ದಡ ಕೈಗೆ ಸಿಗುತ್ತೆ, ಹಿಡಿತ ಮಾತ್ರ ಸಿಗಲ್ಲ. ಈಜು ಬರೋರೂ ಮುಳುಗೋದು ಅದಕ್ಕೇ. ಹತ್ತೋಕಾಗದೆ ದಡದ ಪಕ್ಕದಲ್ಲೇ ಸುಸ್ತಾಗ್ತಾರೆ.

ಈಜುಗಾರ ದುರ್ಗ
ಬಂಡೆಯಂಚಿನ ಹೊಂಡದ ವಿಷಯದಲ್ಲಿ ನೀವು ಹೇಳಿದ್ದು ಸರಿ, ಹಿಡಿತ ಸಿಗಲ್ಲ. ಹೂಳೆತ್ತಿದ ಗುಂಡಿ ವಿಷಯ ನನ್ನ ತಲೆಗೆ ಬಂದಿರಲಿಲ್ಲ. ಮಾತು ವಾಪಸ್ ತಗೋತೀನಿ, ನೀರಿಗೆ ಇಳಿಸಬೇಡಿ. ಯಾರಾದ್ರೂ ಬಿದ್ದೇ ಬಿಟ್ರೆ ಏನು ಮಾಡ್ಬೇಕು ಅಂತಲೂ ಗೊತ್ತಿರಲಿ. ದಡದಲ್ಲಿರೋರು ಹಾರಬಾರದು. ಮುಳುಗ್ತಿರೋರು ಸಿಕ್ಕವರ ಕತ್ತು ಹಿಡಿದು ಒತ್ತುತ್ತಾರೆ, ಇಬ್ಬರೂ ಹೋಗ್ತಾರೆ. ಮಕಾಡೆ ಮಲಗಿ, ಕೋಲೋ ಸೀರೆಯೋ ಪಂಚೆಯೋ ಚಾಚಿ. ಮುಚ್ಚಳ ಬಿಗಿದ 5 ಲೀಟರ್ ಖಾಲಿ ಕ್ಯಾನು ಎಸೆದ್ರೆ ಅದನ್ನ ಎದೆಗೆ ಅಪ್ಪಿಕೊಂಡು ತೇಲಬಹುದು. ಕ್ಯಾನಿನ ಹಿಡಿಗೆ ಹತ್ತು ಮೀಟರ್ ಹಗ್ಗ ಮೊದಲೇ ಕಟ್ಟಿ ಇಟ್ಕೊಂಡಿದ್ರೆ ಎಳ್ಕೊಳ್ಳೋಕೂ ಬರುತ್ತೆ. ನೀರು ಒಯ್ಯೋಕೆ ಹೇಗೂ ಕ್ಯಾನು ಬೇಕೇ ಬೇಕು.

ಏಳುಸುತ್ತು
ಗುಡ್ಡದ ಮೇಲಿನ ಸಣ್ಣ ಕೆರೆ ಅಂದ್ರೆ ಕೋಟೆಯೊಳಗಿನ ಗೋಪಾಲಸ್ವಾಮಿ ಹೊಂಡ. ಅದನ್ನ ಬಿಟ್ಟು ಊರೆಲ್ಲಾ ಸುತ್ತಿಸ್ತಿದೀರಲ್ಲ. ದಾರಿ ಕಲ್ಲುಹಾಸು, ತಪ್ಪೋ ಭಯ ಇಲ್ಲ. ಮದ್ದು ಅರೆಯೋ ಬೀಸುಕಲ್ಲು, ಏಕನಾಥೇಶ್ವರಿ, ಹಿಡಿಂಬೇಶ್ವರ, ಉಯ್ಯಾಲೆ ಕಂಬ ಎಲ್ಲಾ ನೋಡ್ಕೊಂಡು ಹೊಂಡದ ಹತ್ರ ಹೋಗಬಹುದು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಕೂಡ ಇಲ್ಲ.

ಗಾಳಿಗುಡ್ಡ
ಕೋಟೇಲಿ ಕಾಡೆಲ್ಲಿದೆ?

ಏಳುಸುತ್ತು
ಕಾಡು ಕಡಿಮೆ, ಒಪ್ಕೋತೀನಿ. ಆದ್ರೆ ಆ ಹೊಂಡದ ಕೆಲಸ ನೋಡಿದ್ರೆ ಕಾಡು ಮರೆತುಹೋಗುತ್ತೆ. ಮೇಲೆ ಬರೀ ಬಂಡೆ, ಮಣ್ಣಿಲ್ಲ. ಬಿದ್ದ ಮಳೆ ಇಂಗೋಕೆ ಜಾಗವೇ ಇಲ್ಲ, ಎಲ್ಲಾ ಹರಿದು ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತೆ. ಅದು ತುಂಬಿದ್ರೆ ಕೋಡಿ ನೀರು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡಕ್ಕೆ, ಸಂತೆಹೊಂಡಕ್ಕೆ. ಒಂದು ಹನಿ ನೀರು ಮೇಲಿಂದ ಊರಿನ ಸಂತೆವರೆಗೂ ನಾಲ್ಕು ಸಲ ನಿಂತು ನಿಂತು ಇಳಿಯುತ್ತೆ. ವರ್ಷಕ್ಕೆ ಹೆಚ್ಚೆಂದ್ರೆ ಅರವತ್ತು ಸೆಂಟಿಮೀಟರ್ ಆಸುಪಾಸು ಮಳೆ ಬೀಳೋ ಊರಲ್ಲಿ, ಮುತ್ತಿಗೆ ಹಾಕಿದ ಸೈನ್ಯ ಕೆಳಗೆ ಕೂತಿದ್ರೂ ಕೋಟೆಯೊಳಗೆ ನೀರಿಗೆ ಬರ ಬರದ ಹಾಗೆ ಕಟ್ಟಿದ ಏರ್ಪಾಡು ಇದು. 1779ರಲ್ಲಿ ಕೋಟೆ ಹೈದರಾಲಿ ಕೈಗೆ ಹೋಯ್ತು, ಹೊಂಡಗಳು ಮಾತ್ರ ಇವತ್ತಿಗೂ ತುಂಬ್ತಾವೆ. ಮಕ್ಕಳಿಗೆ ಇದನ್ನ ನಿಂತು ತೋರಿಸಬೇಕು. ಪಠ್ಯಪುಸ್ತಕದ ಮಳೆಕೊಯ್ಲು ಪಾಠಕ್ಕಿಂತ ಇದು ಬೇಗ ತಲೆಗೆ ಹತ್ತುತ್ತೆ.

ಹೆಜ್ಜೆಲೆಕ್ಕ
ವಿಷಯ ಒಳ್ಳೇದು, ಈ ಗುಂಪಿಗೆ ಜಾಗ ಅಲ್ಲ. ಕೋಟೆ ಮೆಟ್ಟಿಲು ಎತ್ತರ, ಒಂದೊಂದೂ ಒಂದೊಂದು ಅಳತೆ. ಮಂಡಿ ನೋವಿಗೆ ಎಲ್ಲಕ್ಕಿಂತ ಕೆಟ್ಟದ್ದು ಅದೇ. ಹತ್ತು ಗಂಟೆ ಮೇಲೆ ನೆರಳಿಲ್ಲ, ಬಂಡೆ ಕಾದು ಕೆಳಗಿಂದಲೂ ಶಾಖ ಹೊಡೆಯುತ್ತೆ. ಕೋಟೆಗೆ ಇನ್ನೊಂದು ದಿನ ಇಟ್ಕೊಳ್ಳಿ, ಬೆಳಿಗ್ಗೆ ಬಾಗಿಲು ತೆಗೆದ ಕೂಡ್ಲೇ ಹತ್ತಿ.

ಹಳೇಊರು
ಕೋಟೆಗೆ ಹೋದ್ರೆ ಹುಡುಗರ ಮೇಲೆ ಕಣ್ಣಿರಲಿ. ಕೋಟೆ ಗೋಡೆ ಬರಿಗೈಲಿ ಹತ್ತೋ ಜ್ಯೋತಿರಾಜ್ ವಿಡಿಯೊ ನೋಡಿ ತಾವೂ ಹತ್ತೋಕೆ ಹೋಗ್ತಾರೆ. ಅವರದು ವರ್ಷಗಟ್ಟಲೆ ಸಾಧನೆ, ಬೆರಳಿನ ಶಕ್ತಿ. ಹುಡುಗರು ಹತ್ತಿಬಿಡಬಹುದು, ಇಳಿಯೋಕೆ ಬರಲ್ಲ.

ಶಾಸನಾಸಕ್ತೆ
ಚಂದ್ರವಳ್ಳಿಗೇ ಹೋಗೋದಾದ್ರೆ ಭೈರವೇಶ್ವರ ಗುಡಿ ಹತ್ರದ ಬಂಡೆ ತಪ್ಪಿಸಬೇಡಿ. ಕದಂಬರ ಮಯೂರಶರ್ಮನ ಶಾಸನ ಅದರ ಮೇಲಿದೆ, ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಅದರಲ್ಲಿ ಹೇಳಿರೋ ಮುಖ್ಯ ಕೆಲಸವೇ ಕೆರೆಯದು. ಅಂದ್ರೆ ನೀವು ಬುತ್ತಿ ಬಿಚ್ಚೋ ಕಣಿವೇಲಿ ಹದಿನಾರು ಶತಮಾನದ ಹಿಂದೆಯೇ ಕೆರೆ ಇತ್ತು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿ ಜೊತೆ ಇಲ್ಲೂ ಅಗೆಸಿದ್ರು. ಅದಕ್ಕೂ ಮುಂಚೆ ಎಂ. ಎಚ್. ಕೃಷ್ಣ ಅವರು ಅಗೆಸಿದ್ದರು. ಶಾತವಾಹನರ ನಾಣ್ಯ, ರೋಮ್‌ನ ಬೆಳ್ಳಿ ನಾಣ್ಯ ಇಲ್ಲಿನ ಮಣ್ಣಲ್ಲೇ ಸಿಕ್ಕಿದ್ದು.

ಏಳುಸುತ್ತು
ಈಗಿರೋ ಏರಿ ಮಯೂರಶರ್ಮ ಕಟ್ಟಿಸಿದ್ದೇ ಅಂತ ಕೆಲವರು ಹೇಳ್ತಾರೆ, ಹಾಗೆ ಹೇಳೋಕೆ ಬರುತ್ತಾ?

ಶಾಸನಾಸಕ್ತೆ
ಇಲ್ಲ. ಕೆರೆ ಏರಿ ಅಂದ್ರೆ ನೂರಾರು ವರ್ಷ ಒಡೆದು, ಕಟ್ಟಿ, ಎತ್ತರಿಸಿ ಬಂದಿರುತ್ತೆ. ಶಾಸನ ಕೆರೆಯ ಮಾತು ಹೇಳುತ್ತೆ ಅನ್ನೋವರೆಗೆ ಗಟ್ಟಿ, ಅದರ ಕೆಲವು ಪದಗಳ ಓದಿನ ಬಗ್ಗೆ ವಿದ್ವಾಂಸರಲ್ಲೇ ಒಮ್ಮತ ಇಲ್ಲ. ಒಂದು ಬೇಡಿಕೆ: ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಅರಿಶಿನ, ಎಣ್ಣೆ ಯಾವುದನ್ನೂ ಬಂಡೆಗೆ ಹಚ್ಚಬೇಡಿ. ಬೆಳಿಗ್ಗೆ ಅಥವಾ ಇಳಿಹೊತ್ತಿನ ಓರೆ ಬೆಳಕಲ್ಲಿ ಪಕ್ಕದಿಂದ ನೋಡಿ. ಗೀರಿನೊಳಗೆ ನೆರಳು ಬಿದ್ದು ಅಕ್ಷರ ತಾನೇ ಎದ್ದು ಕಾಣುತ್ತೆ. ಬಿಸಿಲಿಲ್ಲದಿದ್ರೆ ಟಾರ್ಚನ್ನ ಬಂಡೆಗೆ ಸಮಾನಾಂತರ ಹಿಡೀರಿ.

ಬಂಡೆಗಾಡು
ಟಾರ್ಚ್ ಅಂದ ಮೇಲೆ ನೆನಪಾಯ್ತು. ಚಂದ್ರವಳ್ಳೀಲೇ ಇರೋ ಅಂಕಲಿಮಠದ ಗುಹೆಗೆ ಮೊಬೈಲ್ ಬೆಳಕು ನಂಬ್ಕೊಂಡು ಇಳೀಬೇಡಿ. ಒಳಗೆ ಕೋಣೆ ಕೋಣೆ, ಮೆಟ್ಟಿಲು ಕಿರಿದು, ಬಗ್ಗಿ ಹೋಗೋ ಜಾಗ ಇದಾವೆ. ಒಳಗಿನ ದಾರಿ ಗೊತ್ತಿರೋರು ಜೊತೆಗಿದ್ರೆ ಮಾತ್ರ ಇಳಿಯಿರಿ. ಮೂರು ಟಾರ್ಚ್ ಇರಲಿ, ಒಂದು ಮುಂದೆ, ಒಂದು ಹಿಂದೆ, ಒಂದು ಜೇಬಲ್ಲಿ. ಮಂಡಿ ನೋವಿನವರು, ಉಸಿರುಕಟ್ಟೋ ಭಯ ಇರೋರು ಹೊರಗೇ ಕೂರಲಿ.

ಹೊನ್ನೆಮರ
ಪ್ರಾಣಿ ವಿಷಯ ಯಾರೂ ಎತ್ತಿಲ್ಲ. ಈ ಗುಡ್ಡಗಳಲ್ಲಿ ಕರಡಿ, ಚಿರತೆ ಎರಡೂ ಇದಾವೆ. ಚಿರತೆ ಮನುಷ್ಯರ ಸದ್ದಿಗೆ ಪಕ್ಕಕ್ಕೆ ಸರಿಯುತ್ತೆ, ಎಚ್ಚರ ಬೇಕಿರೋದು ಕರಡಿಗೆ. ಅದರ ಕಣ್ಣು ಮಂದ, ಮೂಗು ಚುರುಕು, ಗೆದ್ದಲು ಅಗೆಯೋಕೆ ಅಥವಾ ಹಣ್ಣು ತಿನ್ನೋಕೆ ಕೂತರೆ ಪಕ್ಕಕ್ಕೆ ಬಂದ್ರೂ ಗೊತ್ತಾಗಲ್ಲ. ತೀರ ಹತ್ರ ಬಂದ ಮೇಲೆ ಬೆಚ್ಚಿ ಮೇಲೆ ಬೀಳುತ್ತೆ. ನೀವು ಹೋಗೋ ಹೊತ್ತಿಗೆ ಸೀತಾಫಲದ ಕಾಲ ಮುಗೀತಾ ಬಂದಿರುತ್ತೆ, ಆದ್ರೂ ಗಿಡದ ಬುಡದಲ್ಲಿ ಹಣ್ಣು ಬಿದ್ದಿರುತ್ತೆ. ಹುತ್ತದಲ್ಲಿ ಹೊಸದಾಗಿ ತೋಡಿದ ಗುಂಡಿ, ಹಣ್ಣಿನ ಬೀಜ ತುಂಬಿದ ಕಪ್ಪು ಲದ್ದಿ ಕಂಡ್ರೆ ಅಲ್ಲಿಂದ ವಾಪಸ್. ಮಾತಾಡ್ತಾ ನಡೀರಿ, ಕೂಗಾಡ್ತಾ ಅಲ್ಲ. ಎದುರಾದ್ರೆ ಓಡಬೇಡಿ, ಮಕ್ಕಳನ್ನ ಹಿಂದಕ್ಕೆ ತಗೊಂಡು ಮುಖ ಅದರ ಕಡೆಗೇ ಇಟ್ಟು ಹಿಂದೆ ಹಿಂದೆ ಸರಿಯಿರಿ. ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ನಾಲ್ಕೂವರೆ ಮೇಲೆ ಪೊದೆ ದಾರಿ ಬೇಡ.

ಜೇನುಗಲ್ಲು
ಕರಡಿಗಿಂತ ಹೆಚ್ಚು ಜನರನ್ನ ಆಸ್ಪತ್ರೆ ಸೇರಿಸೋದು ಹೆಜ್ಜೇನು. ಬಂಡೆಯ ಚಾಚಿನ ಕೆಳಗೆ ಕಪ್ಪು ಗಡ್ಡದ ಹಾಗೆ ತೂಗ್ತಿರುತ್ತೆ. ಹತ್ತಿರದಿಂದ ನೋಡಿದ್ರೆ ಮೇಲ್ಪದರದ ಹುಳುಗಳೆಲ್ಲ ಒಟ್ಟಿಗೆ ಹೊಟ್ಟೆ ಎತ್ತಿ ಅಲೆ ಎಬ್ಬಿಸ್ತಾವೆ. ಆ ಅಲೆ ಪದೇಪದೇ ಬರ್ತಿದ್ರೆ ಸಿಟ್ಟಿಗೆದ್ದಿವೆ ಅಂತ ಅರ್ಥ. ಹೊಗೆ, ಕಲ್ಲು, ಗಾಢ ಸೆಂಟು ಮೂರೂ ಬೇಡ. ಎದ್ದರೆ ಕೈ ಬೀಸಬೇಡಿ. ಬಟ್ಟೆಯಿಂದ ಮುಖ ಮುಚ್ಚಿ, ಮಗುವನ್ನ ಎತ್ಕೊಂಡು ಗಾಡಿ ಕಡೆಗೆ ಅಥವಾ ದಟ್ಟ ಪೊದೆಯೊಳಗೆ ಓಡಿ. ನೀರಿಗೆ ಹಾರಬೇಡಿ, ತಲೆ ಎತ್ತೋವರೆಗೂ ಮೇಲೆ ಕಾಯ್ತಾವೆ. ಮುಳ್ಳನ್ನ ಉಗುರಿನಲ್ಲಿ ಕೆರೆದು ಆದಷ್ಟು ಬೇಗ ತೆಗೀರಿ. ಇದ್ದಷ್ಟು ಹೊತ್ತೂ ವಿಷ ಇಳೀತಾ ಇರುತ್ತೆ. ತುಟಿ, ನಾಲಿಗೆ ಊದಿದ್ರೆ, ಉಸಿರು ಸಿಳ್ಳೆ ಹೊಡೆದ್ರೆ 108.

ಹೊನ್ನೆಮರ
ಹಾವಿನ ಮಾತೂ ಸೇರಿಸ್ತೀನಿ. ಕೊಳಕುಮಂಡಲ ಒಣ ಎಲೆಯಲ್ಲಿ ಬೆರೆತುಹೋಗುತ್ತೆ. ಕಲ್ಲು ಎತ್ತಬೇಡಿ, ಕಾಣದ ಸಂದಿಗೆ ಕೈ ಹಾಕಬೇಡಿ, ಬಿದ್ದ ಮರ ದಾಟುವಾಗ ಮೊದಲು ಅದರ ಮೇಲೆ ಕಾಲಿಟ್ಟು ಆಚೆ ನೋಡಿ ಇಳೀರಿ. ಕಚ್ಚಿದ್ರೆ ಕೊಯ್ಯೋದು, ಚೀಪೋದು, ಬಿಗಿಯಾಗಿ ಹಗ್ಗ ಕಟ್ಟೋದು ಯಾವುದೂ ಬೇಡ. ಉಂಗುರ, ಬಳೆ, ಗೆಜ್ಜೆ ಬಿಚ್ಚಿ, ಕಾಲನ್ನ ಕೋಲಿಗೆ ಸಡಿಲವಾಗಿ ಕಟ್ಟಿ ಅಲ್ಲಾಡದ ಹಾಗೆ ಮಾಡಿ, ಎತ್ಕೊಂಡೇ ಹೋಗಿ. ನೇರ ಜಿಲ್ಲಾಸ್ಪತ್ರೆಗೆ. ನಾಟಿ ಔಷಧಿಗೆ ದಾರಿ ತಿರುಗಿಸಿದ ಅರ್ಧ ಗಂಟೆ ವಾಪಸ್ ಬರಲ್ಲ.

ಬೆಣ್ಣೆನಗರಿ
ಇಷ್ಟೆಲ್ಲಾ ಓದಿ ಮನೇಲಿ ಒಬ್ಬರು ಹೋಗೋದೇ ಬೇಡ ಅಂತಿದಾರೆ.

ಬಂಡೆಗಾಡು
ಹೋಗಿ, ಖಂಡಿತ ಹೋಗಿ. ಇವೆಲ್ಲಾ ಗೊತ್ತಿದ್ದು ಹೋದವರಿಗೆ ಚಂದ್ರವಳ್ಳಿ ದಾರಿ ಊರಿನ ಪಾರ್ಕಿನಷ್ಟೇ ಸಲೀಸು.

ಹೆಜ್ಜೆಲೆಕ್ಕ
ನೀರಿನ ಲೆಕ್ಕ: ನವೆಂಬರ್ ತಂಪಲ್ಲಿ ನಡಿಗೆಯ ಪ್ರತಿ ಗಂಟೆಗೆ ದೊಡ್ಡವರಿಗೆ ಅರ್ಧ ಲೀಟರ್, ಮಕ್ಕಳಿಗೆ ಕಾಲು ಲೀಟರ್. ಊಟದ ಹೊತ್ತು ಸೇರಿ ತಲಾ ಎರಡು ಲೀಟರ್, ಮಕ್ಕಳಿಗೆ ಒಂದು. ನಿಮ್ಮ ಒಂಬತ್ತು ಜನಕ್ಕೆ 16 ಲೀಟರ್, ಗಾಡೀಲಿ ಇನ್ನೊಂದು ಕ್ಯಾನು. ಮಾರ್ಚ್ ನಂತರ ಹೋದ್ರೆ ಇದರ ಎರಡರಷ್ಟು. ಹೊಂಡದ ನೀರು ತಿಳಿಯಾಗಿ ಕಂಡ್ರೂ ಕುಡೀಬೇಡಿ. ಮಗುವಿಗೆ ಸುಸ್ತು, ತಲೆನೋವು ಅಂದ್ರೆ ಬರೀ ನೀರು ಸಾಲಲ್ಲ. ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಮನೇಲೇ ಪೊಟ್ಟಣ ಕಟ್ಕೊಳ್ಳಿ. ಚಮಚ ಮಟ್ಟಸವಾಗಿರಲಿ, ಉಪ್ಪು ಜಾಸ್ತಿಯಾದ್ರೆ ಮಕ್ಕಳಿಗೆ ಕೆಡುಕು.

ಮಂಡಕ್ಕಿಪ್ರಿಯ
ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಒಗ್ಗರಣೆ ಮಂಡಕ್ಕಿ ಬೇಡ, ಹತ್ತು ಗಂಟೆಗೇ ಮೆತ್ತಗಾಗುತ್ತೆ. ಮಂಡಕ್ಕಿ ಬೇರೆ, ಒಗ್ಗರಣೆ ಬೇರೆ ಡಬ್ಬೀಲಿ ಒಯ್ದು ಅಲ್ಲೇ ಕಲಸಿ.

ಹಳೇಊರು
ಕೋತಿಗಳಿದಾವೆ. ಪ್ಲಾಸ್ಟಿಕ್ ಚೀಲದ ಸರಸರ ಸದ್ದಿಗೇ ಓಡಿ ಬರ್ತಾವೆ. ಬಟ್ಟೆ ಚೀಲ, ಮುಚ್ಚಳ ಇರೋ ಡಬ್ಬಿ ಒಯ್ಯಿರಿ. ಒಂದು ತುತ್ತೂ ಹಾಕಬೇಡಿ.

ಬೆಣ್ಣೆನಗರಿ
ಸರಿ, ತೀರ್ಮಾನ ಹಿಂಗಾಗಿದೆ. ಚಂದ್ರವಳ್ಳಿ. ಬೆಳಿಗ್ಗೆ ಏಳಕ್ಕೆ ಬಿಟ್ಟು ಎಂಟೂವರೆಗೆ ಅಲ್ಲಿ. ಮೊದಲು ಶಾಸನದ ಬಂಡೆ, ಆಮೇಲೆ ಬುಡದ ದಾರೀಲಿ ಒಂದೂವರೆ ಕಿಲೋಮೀಟರ್ ಹೋಗಿ ವಾಪಸ್. ಹನ್ನೆರಡೂವರೆಗೆ ಏರಿ ಮೇಲೆ ಊಟ, ಎರಡಕ್ಕೆ ಹೊರಡೋದು. ನೀರಿಗೆ ಯಾರೂ ಇಳಿಯಲ್ಲ. ಗುಹೆ, ಕೋಟೆ, ಜೋಗಿಮಟ್ಟಿ ಇನ್ನೊಂದು ಸಲಕ್ಕೆ. ಏನಾದ್ರೂ ತಪ್ಪಿದೆಯಾ?

ಶಾಸನಾಸಕ್ತೆ
ಬೆಳಗಿನ ಓರೆ ಬೆಳಕು ಬಂಡೆ ಮೇಲೆ ಬೀಳೋಕೆ ಸುತ್ತಲಿನ ಗುಡ್ಡ ಅಡ್ಡ ಇದೆ. ಎಂಟೂವರೆಗೆ ಅಲ್ಲಿ ನೆರಳೇ ಇದ್ರೆ ಬೇಜಾರಾಗಬೇಡಿ, ಟಾರ್ಚ್ ಜೇಬಲ್ಲಿರಲಿ.

ಕೆರೆಕಟ್ಟೆ
ಹಿಂದಿನ ಎರಡು ದಿನ ಮಳೆ ಬಂದಿದ್ರೆ ಬುಡದ ದಾರಿ ಬಿಟ್ಟು ಏರಿ ಮೇಲಷ್ಟೇ ನಡೀರಿ. ನವೆಂಬರ್ ಮೊದಲ ವಾರದವರೆಗೂ ನಮ್ಮ ಕಡೆ ಹಿಂಗಾರು ಮಳೆ ಬರುತ್ತೆ, ಹಳ್ಳ ದಾಟೋ ಕಡೆ ಕಲ್ಲೆಲ್ಲಾ ಲೋಳೆ. ಕೋಡಿ ಹರೀತಿದ್ರೆ ದಾಟಲೇಬೇಡಿ, ಮೊಣಕಾಲಿನಷ್ಟೇ ನೀರಾದ್ರೂ ಸರಿ.

ಬೆಣ್ಣೆನಗರಿ
ಹಂಗಾದ್ರೆ ಮೂರನೇ ಭಾನುವಾರ ಇಟ್ಕೋತೀವಿ. ಹಗ್ಗ ಕಟ್ಟಿದ ಕ್ಯಾನು ಇವತ್ತೇ ರೆಡಿ ಮಾಡಿದೆ.